ಮೂಲೆಯಲ್ಲಿ ನನ್ನ ಹೆಸರು

ಸೆಪ್ಟೆಂಬರ್ 7, ಭಾನುವಾರ. ಸಂಜೆ 7

ಒಂದೇ ದಿನ ಅರವತ್ತನಾಲ್ಕು ಮುಖ. ಸೊಂಟ ಬಿದ್ದುಹೋಗಿದೆ. ಕೆಸರಿನ ಚಪ್ಪಲಿ ಇನ್ನೂ ತೊಳೆದಿಲ್ಲ, ಅತ್ತೆ ನೋಡಿದರೆ ಪುರಾಣ ಶುರು.

ಕೆರೆ ತುಂಬಿ ಕೂಲಿಯವರ ಶೆಡ್ಡುಗಳಿಗೆ ನೀರು ನುಗ್ಗಿ ಒಂಬತ್ತು ದಿನ ಆಯಿತು. ಆಧಾರ್, ರೇಷನ್ ಕಾರ್ಡ್, ಲೇಬರ್ ಕಾರ್ಡ್, ಎಲ್ಲ ಹೋಗಿವೆ. ಹೊಸದಕ್ಕೆ ಅರ್ಜಿ ಹಾಕಲು ಫೋಟೋ ಬೇಕು. ಸಿದ್ದಾರ್ಥ್ ಅಂತ ಟೆಕ್ ಪಾರ್ಕಿನ ಹುಡುಗ ಒಂದು ಗುಂಪು ಕಟ್ಟಿದ್ದಾನೆ. ನಾನೂ ಸೇರಿ ಆರು ಜನ ಫೋಟೋಗ್ರಾಫರ್‌ಗಳು, ಎಲ್ಲಾ ಫ್ರೀ. ಐವರ ಕೈಯಲ್ಲಿ ನನ್ನ ಇಡೀ ಸ್ಟುಡಿಯೋಗಿಂತ ದುಬಾರಿ ಲೆನ್ಸ್. ಆದರೆ ಎರಡೂ ಕಿವಿ ಕಾಣುವ ಹಾಗೆ ನೆಟ್ಟಗೆ ಒಂದು ಪಾಸ್‌ಪೋರ್ಟ್ ಫೋಟೋ ತೆಗೆಯಲು ಬರುವುದು ನನಗೊಬ್ಬಳಿಗೇ. ಬಿಳಿ ಬೆಡ್‌ಶೀಟ್ ಕಟ್ಟಿ, ಒಬ್ಬೊಬ್ಬರನ್ನೇ ಕೂರಿಸಿದೆ. ಅದಾದ ಮೇಲೆ ಮನೆಮಂದಿಯ ಒಂದು ಫೋಟೋ — ಅದು ಸಿದ್ದಾರ್ಥ್ ಐಡಿಯಾ.

ಭಾಗ್ಯಶ್ರೀ ಅಂತ ಒಬ್ಬಳು. ಇಪ್ಪತ್ತೋ ಇಪ್ಪತ್ತೊಂದೋ. ಏಳು ತಿಂಗಳು ತುಂಬಿದೆ. ಗಂಡ ಸಿದ್ರಾಮ, ಗಾರೆ ಕೆಲಸ. ಲೇಬರ್ ಕಾರ್ಡಿಗೆ ಮಾತ್ರ ಸಾಕು, ಜೋಡಿ ಫೋಟೋ ಬೇಡ ಅಂದಳು. ನಾನು ಬಿಡಲಿಲ್ಲ. ಕೊನೆಗೆ ಒಪ್ಪಿದಳು. "ಹೊಟ್ಟಿ ಕಾಣಬಾರದು ನೋಡ್ರಿ ಅಕ್ಕಾ, ದೃಷ್ಟಿ ಆಕ್ಕೈತಿ. ಮತ್ತ ಎಲ್ಲೂ ಹಾಕಬ್ಯಾಡ್ರಿ. ಖರೇನ ಹೇಳತೀನಿ, ಎಲ್ಲೂ ಹಾಕಬ್ಯಾಡ್ರಿ." ಇಲ್ಲ ಕಣೇ ಅಂದೆ.

ಅಷ್ಟರಲ್ಲಿ ಸಿದ್ರಾಮನ ಎರವಲು ಶರ್ಟಿನ ಗುಂಡಿ ಕಿತ್ತು ಹಾರಿತು. ಅವಳು ಬಾಯ್ತುಂಬ ನಕ್ಕಳು. ಕ್ಲಿಕ್ ಮಾಡಿಬಿಟ್ಟೆ. ಇಷ್ಟು ವರ್ಷದಲ್ಲಿ ಇಂಥದ್ದು ಹತ್ತು ಸಿಕ್ಕಿರಬಹುದು, ಅಷ್ಟೇ.

ಸೆಪ್ಟೆಂಬರ್ 9

ಎಡಿಟಿಂಗ್ ಮುಗಿಯಿತು. ಭಾಗ್ಯಶ್ರೀ ಫೋಟೋ ಎದೆಯ ಮಟ್ಟಕ್ಕೆ ಕ್ರಾಪ್ ಮಾಡಿದೆ. ಮತ್ತೆ ಮತ್ತೆ ನೋಡಿದೆ. ಗುಂಪಿನವರೂ ನೋಡಲಿ, ಹಳ್ಳಿ ಸ್ಟುಡಿಯೋದವಳು ಏನು ಮಾಡಬಲ್ಲಳು ಅಂತ. ಅದನ್ನೂ ಸೇರಿಸಿ ಸಿದ್ದಾರ್ಥ್‌ಗೆ ಪೆನ್ ಡ್ರೈವ್ ಕೊಟ್ಟೆ. ಗುಂಪಿನೊಳಗೇ ತಾನೇ.

ಸೆಪ್ಟೆಂಬರ್ 14, ಭಾನುವಾರ

ಪ್ರಿಂಟ್ ಹಂಚಿದೆವು. ಭಾಗ್ಯಶ್ರೀ ತನ್ನದನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದಳು. ಮಳೆ ನಿಂತಿದೆ. ಶೆಡ್ಡಿನ ತಗಡಿನ ಮೇಲೆ ನೀರಿನ ಗುರುತು ನನ್ನ ಭುಜದೆತ್ತರಕ್ಕಿದೆ.

ಸೆಪ್ಟೆಂಬರ್ 18, ಗುರುವಾರ. ಬೆಳಗ್ಗೆ 11.30

ಬೆಳಗ್ಗೆ ಒಂದು ಫೋನ್ ಬಂತು. 

ಹೊಸ ನಂಬರ್. ಗಂಡಸು. ತುಂಬಾ ಮರ್ಯಾದೆ. "ಮೇಡಂ, ಶೋಭಾರಾಣಿ ಡಿಜಿಟಲ್ ಸ್ಟುಡಿಯೋ ಏನ್ರಿ? ಫೋಟೋ ಭಾಳ ಚಲೋ ತಗದೀರಿ. ಆಕಿ ನಮ್ಮ ತಂಗಿ ರೀ. ಎಲ್ಲಿ ಅದಾಳಂತ ಹೇಳಿದ್ರ ಬಂದು ಕರಕೊಂಡು ಹೋಗತೀವಿ."

ಯಾವ ಫೋಟೋ ಅಂದೆ. ವಾಟ್ಸಾಪಿಗೆ ಕಳಿಸಿದ. ಅದೇ ನಗು.

ಸಿದ್ದಾರ್ಥ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಎಲ್ಲಾ ಫೋಟೋ ಗುಂಪಿನ ಆನ್‌ಲೈನ್ ಪೇಜಿಗೆ ಹಾಕಿದ್ದಾನೆ. ಸಾವಿರಾರು ಜನ ನೋಡಿದ್ದಾರೆ, ಅವಳ ಊರಿನವರೂ ಯಾರೋ ಸ್ಟೇಟಸ್ ಇಟ್ಟಿದ್ದಾರೆ. "ಮೇಡಂ, ಹಾಕ್ಬೇಡಿ ಅಂತ ನೀವು ಹೇಳೇ ಇಲ್ವಲ್ಲ" ಅಂದ. ಹೌದು, ಹೇಳಲಿಲ್ಲ.

ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ. ಬಲಗಡೆ ಕೆಳಮೂಲೆಯಲ್ಲಿ ಬಿಳಿ ಅಕ್ಷರ. ಸ್ಟುಡಿಯೋ ಹೆಸರು, ಮಹದೇವಪುರ, ಮೊಬೈಲ್ ನಂಬರ್. ಹನ್ನೆರಡು ವರ್ಷದಿಂದ ಮದುವೆಗೂ ನಾಮಕರಣಕ್ಕೂ ಅದೇ ಸೆಟ್ಟಿಂಗ್, ಫೋಟೋ ಸೇವ್ ಆದರೆ ತಾನಾಗಿ ಬಂದು ಕೂರುತ್ತದೆ. ತೆಗೆಯಬೇಕೆಂದು ಹೊಳೆಯಲೇ ಇಲ್ಲ. ಸುಳ್ಳೇಕೆ — ಹೊಳೆದಿದ್ದರೂ ತೆಗೆಯುತ್ತಿರಲಿಲ್ಲ.

ಅದೇ ದಿನ, ಸಂಜೆ 6

ಶೆಡ್ಡಿಗೆ ಹೋಗಿ ಹೇಳಿದೆ. ಭಾಗ್ಯಶ್ರೀ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೆಳಗೆ ಕೂತು ಪಾತ್ರೆ ಗಂಟು ಕಟ್ಟತೊಡಗಿದಳು.

ಸಿದ್ರಾಮನದು ಬೇರೆ ಜಾತಿ. ವರ್ಷದ ಹಿಂದೆ ಇಬ್ಬರೂ ಊರು ಬಿಟ್ಟು ಬಂದು ರಿಜಿಸ್ಟರ್ ಮದುವೆ ಆದವರು. ಅವಳಿಗೆ ಇಬ್ಬರು ಅಣ್ಣಂದಿರು. ಅವರಲ್ಲೊಬ್ಬ ಸಿದ್ರಾಮನ ಅಪ್ಪನ ಕಾಲು ಮುರಿದಿದ್ದಾನೆ. "ನಾ ಸಿಕ್ಕರ ಬಿಡೂದಿಲ್ಲಂತ ದೇವರ ಮುಂದ ಆಣಿ ಮಾಡ್ಯಾರ ಅಕ್ಕಾ" ಅಂದಳು. ಪೊಲೀಸರು? ಊರಲ್ಲಿ ಒಮ್ಮೆ ಹೋಗಿದ್ದರಂತೆ. ರಾಜಿ ಮಾಡಿಸುತ್ತೇವೆ ಅಂತ ಅಣ್ಣಂದಿರನ್ನೇ ಕರೆಸಿದರಂತೆ. ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ ಅನ್ನುತ್ತಾಳೆ. ನಾನೇ ಫೋನ್ ಮಾಡಿ ಕೇಳಿದೆ. ಯಾರಾದರೂ ಬಂದು ಗಲಾಟೆ ಮಾಡಿದರೆ ತಿಳಿಸಿ ಅಂದರು. ಬಂದ ಮೇಲೆ ತಿಳಿಸುವುದಕ್ಕೆ ಏನು ಉಳಿದಿರುತ್ತದೆ?

ಸೆಪ್ಟೆಂಬರ್ 19. ಬೆಳಗ್ಗೆ 9

ಇಬ್ಬರನ್ನೂ ಸಾಗಿಸಿದೆವು. ಮುನಿಯಣ್ಣನ ಗೂಡ್ಸ್ ಆಟೋದಲ್ಲಿ, ಮದುವೆ ಮನೆಗೆ ಒಯ್ಯುವ ನನ್ನ ಲೈಟ್ ಸ್ಟ್ಯಾಂಡ್, ಫ್ಲ್ಯಾಶಿನ ಛತ್ರಿಗಳ ಮಧ್ಯೆ ಕೂರಿಸಿಕೊಂಡು. ಮುನಿಯಣ್ಣ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಇಳಿಸಿ ಬಂದು, "ನೀವು ಯಾರ್ಗೂ ಏಳ್ಬೇಡಿ ಕಣಮ್ಮ, ನಾನೂ ಏಳಲ್ಲ. ಇಂಗೇ ಮರ್ತ್‌ಬಿಡಾನ" ಅಂದ.

ಎಲ್ಲಿಗೆ ಅಂತ ಇಲ್ಲಿಯೂ ಬರೆಯಲಾರೆ. ಈ ಪುಸ್ತಕ ಅಂಗಡಿಯ ಡ್ರಾಯರಿನಲ್ಲಿರುತ್ತದೆ, ಡ್ರಾಯರಿಗೆ ಬೀಗ ಇಲ್ಲ.

ಸೆಪ್ಟೆಂಬರ್ 23, ಮಂಗಳವಾರ. ಮಧ್ಯಾಹ್ನ 1

ಪೇಜಿನಿಂದ ಸಿದ್ದಾರ್ಥ್ ಫೋಟೋ ತೆಗೆದಿದ್ದಾನೆ. ಊರೂರು ಹಂಚಿಹೋದ ಮೇಲೆ. ಆ ನಂಬರ್ ಬ್ಲಾಕ್ ಮಾಡಿದ್ದೇನೆ.

ಹನ್ನೊಂದಕ್ಕೆ ಒಬ್ಬ ಬಂದ. ಪಾಸ್‌ಪೋರ್ಟ್ ಸೈಜ್, ಎಂಟು ಕಾಪಿ. ಇಸ್ತ್ರಿ ಶರ್ಟು, ಕೈಯಲ್ಲಿ ಕಡಗ. ಸ್ಟೂಲಿನ ಮೇಲೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಸಾರ್ ಅಂದು ಕ್ಯಾಮೆರಾಗೆ ಕಣ್ಣಿಟ್ಟೆ.  ಎಡ ಹುಬ್ಬು ಬಲಕ್ಕಿಂತ ಒಂದೆಳೆ ಮೇಲೆ. ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿದೆ. ಮುಖ ನೋಡುವುದೇ ನನ್ನ ಕಸುಬು. ಆ ಹುಬ್ಬು, ಆ ಕಿವಿಯನ್ನು ಕಂಪ್ಯೂಟರಿನಲ್ಲಿ ಭಾಗ್ಯಶ್ರೀ ಮುಖದಲ್ಲಿ ಎಷ್ಟು ಸಲ ನೋಡಿದ್ದೇನೆ!

ಫೋಕಸ್ ಆಗುತ್ತಿಲ್ಲ ಅಂತ ಸುಳ್ಳು ಹೇಳಿ ಮುಖ ಕ್ಯಾಮೆರಾ ಹಿಂದೆಯೇ ಇಟ್ಟುಕೊಂಡೆ. ಬಿಲ್ಲಿಗೆ ಹೆಸರು ಕೇಳಿದೆ. "ಬಸಲಿಂಗ" ಅಂದ. ಅವಳು ಹೇಳಿದ್ದ ಹಿರಿಯಣ್ಣನ ಹೆಸರು ಅದೇ.

ಪ್ರಿಂಟ್ ಬರುವವರೆಗೆ ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ಒಂದೊಂದಾಗಿ ನೋಡಿದ. "ನಿಮಗೂ ಮಕ್ಕಳದಾರೇನ್ರಿ?" ಅಂತ ಕೇಳಿದ. ಕೇಳಿಸದವಳಂತೆ ಪ್ರಿಂಟರ್ ಕಡೆ ತಿರುಗಿದೆ. "ನಾವು ಆಕಿ ಒಡಹುಟ್ಟಿದವರು ಮೇಡಂ. ಏನ್ ಮಾಡತೀವಿ ಹೇಳ್ರಿ? ವಿಚಾರ ಮಾಡ್ರಿ. ಮತ್ತ ಬರತೀನಿ." ಹೋದ.

ಬಾಗಿಲು ಹಾಕಿಕೊಂಡೆ. ಮಗಳನ್ನು ಸ್ಕೂಲಿನಿಂದ ಕರೆತರಲು ಅವರಪ್ಪನಿಗೆ ಹೇಳಿದೆ. ಯಾಕೆ ಅಂದರು. ತಲೆನೋವು ಅಂದೆ.

ಸೆಪ್ಟೆಂಬರ್ 27

ನಾಲ್ಕು ದಿನ ಬರೆಯಲಿಲ್ಲ. ಅಂಗಡಿ ತೆಗೆಯುವುದು, ಕೂರುವುದು. ಯಾರು ಒಳಗೆ ಬಂದರೂ ಮೊದಲು ಹುಬ್ಬು ನೋಡುತ್ತೇನೆ.

ಶೆಡ್ಡಿಗೂ ಹೋಗಿದ್ದರಂತೆ. ಮೇಸ್ತ್ರಿ ಮರೆಪ್ಪ ಹೇಳಿದ. ಇಬ್ಬರು, ಬಿಳಿ ಕಾರು. "ತಂಗಿ ಎಲ್ಲಿ ಅಂತ ಕೇಳಿದ್ರಕ್ಕ, ಗೊತ್ತಿಲ್ಲ ಅಂದೆ. ಅಷ್ಟಕ್ಕೇ ಕತ್ತಿನ ಪಟ್ಟಿ ಹಿಡಿದ್ರು." ಅವನಿಗೆ ನಿಜವಾಗಿಯೂ ಗೊತ್ತಿಲ್ಲ. ಗೊತ್ತಿರುವುದು ಮುನಿಯಣ್ಣನಿಗೆ, ನನಗೆ.

ಸೆಪ್ಟೆಂಬರ್ 30, ಮಂಗಳವಾರ. ಮಧ್ಯಾಹ್ನ 12.20

ಹನ್ನೊಂದೂವರೆಗೆ ಒಬ್ಬ ಹೆಂಗಸು ಬಂದರು. ಇಳಕಲ್ ಸೀರೆ, ತಲೆ ತುಂಬ ಸೆರಗು. ಎದುರಿನ ಟೀ ಅಂಗಡಿಯಲ್ಲಿ ಬಸಲಿಂಗ ಗ್ಲಾಸು ಹಿಡಿದು ನಿಂತಿದ್ದ, ಪಕ್ಕದಲ್ಲಿ ಇನ್ನೊಬ್ಬ. 

"ನಾ ದುರ್ಗವ್ವ. ಭಾಗ್ಯಾನ ತಾಯಿ" ಅಂದರು. ಕೌಂಟರಿಗೆ ಆತುಕೊಂಡು, ರಸ್ತೆಗೆ ಬೆನ್ನು ಹಾಕಿ, ಪಿಸುದನಿಯಲ್ಲಿ. "ಎಲ್ಲಿ ಅದಾಳಂತ ನನಗ ಹೇಳಬ್ಯಾಡ್ರಿ. ಹೇಳಿದ್ರ ನನ್ನ ಬಾಯಿಂದ ಬಡದು ಬಿಡಸ್ತಾರ. ಅಳು, ಹೆಣ್ಣಮಗಳ ಮನಸು ಕರಗತೈತಿ ಅಂತ ಕಳಿಸ್ಯಾರ. ಆಕಿ ಫೋಟೋ ಒಮ್ಮೆ ತೋರಸ್ರಿ, ಅಷ್ಟ ಸಾಕು. ಅವರ ಮೊಬೈಲ್ ನನಗ ಮುಟ್ಟಾಕ ಕೊಡೂದಿಲ್ಲ."

ನಂಬಲೋ ಬೇಡವೋ. ನಾಟಕ ಇರಬಹುದು. ಅವರ ಕೈ ನೋಡಿದೆ. ಕೌಂಟರಿನ ಗಾಜಿನಡಿಯ ಫೋಟೋಗಳ ಮೇಲೆ ಒಂದೊಂದಾಗಿ ಬೆರಳಾಡಿಸಿ ಮಗಳನ್ನು ಹುಡುಕುತ್ತಿತ್ತು.

ಕಂಪ್ಯೂಟರಿನಿಂದ ಎಲ್ಲಾ ಅಳಿಸಿದ್ದೆ, ಕ್ಯಾಮೆರಾದ ಕಾರ್ಡಿನಲ್ಲಿ ಮಾತ್ರ ಇತ್ತು. ಕೌಂಟರಿನ ಕೆಳಗೆ ಹಿಡಿದು ತೋರಿಸಿದೆ. ಅದು ಕ್ರಾಪ್ ಮಾಡದ್ದು ಅನ್ನುವುದು ತೋರಿಸಿದ ಮೇಲೆ ನೆನಪಾಯಿತು.

ದುರ್ಗವ್ವ ಮುಖ ನೋಡಿದರು. ಕಣ್ಣು ಹೊಟ್ಟೆಯ ಮೇಲೆ ಬಂದು ನಿಂತಿತು.  "ಎಷ್ಟರಾಗ?"

"ಎಂಟು ಕಳೀತಾ ಬಂತು ಅಮ್ಮ."

"ಇವರಿಗೆ ಗೊತ್ತಿಲ್ಲ. ಗೊತ್ತಾದ್ರ ದವಾಖಾನಿ ದವಾಖಾನಿ ತಿರಗತಾರ." ಪರದೆಯ ಮೇಲೆ ಹೆಬ್ಬೆರಳು ಒರೆಸಿದರು, ಧೂಳಿರಲಿಲ್ಲ. "ತಂಗೀ, ಈಗ ನನಗ ಬೈಯಿ. ಜೋರಲೆ ಬೈಯಿ. ಅಲ್ಲೀತನಕ ಕೇಳಬೇಕು. ನೂಕು."

ನಾನು ಕ್ಯಾಮೆರಾ ಕೆಳಗಿಟ್ಟೆ. ಅವರು ಕಣ್ಣಲ್ಲೇ ಗದರಿಸಿದರು. ಆಮೇಲೆ ಕಿರುಚಿದೆ. "ಹೋಗಮ್ಮ ಆಚೆಗೆ! ದಿನಾ ಒಬ್ಬೊಬ್ಬರು ಬಂದು ಇದೇ ರಾಮಾಯಣ! ನೂರಾರು ಜನದ ಫೋಟೋ ತೆಗೀತೀನಿ, ಯಾರು ಎಲ್ಲಿ ಹಾಳಾಗಿ ಹೋದ್ರು ಅಂತ ನನಗೇನು ಗೊತ್ತು? ನಿನ್ನ ಮಗಳನ್ನ ನೀನು ಸರಿಯಾಗಿ ಸಾಕ್ಬೇಕಿತ್ತು!" ಭುಜ ಹಿಡಿದು ತಳ್ಳಿದೆ. ಮೆಟ್ಟಿಲ ಮೇಲೆ ಮುಗ್ಗರಿಸಿದರು. ಅಳುತ್ತಿದ್ದರು, ಅದು ನಿಜವಾದ ಅಳು. ಕೊನೆಯ ಮಾತು ಯಾಕೆ ಬಂತೋ ನನ್ನ ಬಾಯಲ್ಲಿ. ಯಾವ ಜನ್ಮಕ್ಕೂ ಕ್ಷಮೆ ಇಲ್ಲ ನನಗೆ.

ಬಸಲಿಂಗ ಗ್ಲಾಸು ಇಟ್ಟು ನನ್ನನ್ನೇ ನೋಡಿದ. ನಾನೂ ಸೊಂಟಕ್ಕೆ ಕೈಯಿಟ್ಟು ನೋಡಿದೆ. ತಾಯಿಯನ್ನು ಕಾರಿಗೆ ಹತ್ತಿಸಿಕೊಂಡು ಹೋದರು.

ಅದೇ ದಿನ. ಸಂಜೆ 4.10

ಸಿದ್ರಾಮನ ಫೋನ್. ಭಾಗ್ಯಶ್ರೀಗೆ ದಿನ ತುಂಬುವ ಮೊದಲೇ ನೋವು. ರಕ್ತ ಹೋಗುತ್ತಿದೆ. ಆಪರೇಷನ್ ಅಂತ ಡಾಕ್ಟರು ಹೇಳಿದ್ದಾರೆ. ರಕ್ತ ಹೊಂದಿಸಲು ಡೋನರ್ ಕರೆಸಿ, ಒಬ್ಬರಾದರೂ ಈಗಲೇ ಬರಲಿ ಅಂದಿದ್ದಾರೆ. ಇವನಿಗೆ ವಾರದಿಂದ ಜ್ವರ, ಇವನದು ತೆಗೆದುಕೊಳ್ಳಲಿಲ್ಲ. "ಅಕ್ಕಾ, ಇಲ್ಲಿ ನಮಗ ಯಾರೂ ಇಲ್ಲರಿ. ಬರ್ರಿ." ಗಂಡಸೊಬ್ಬ ಅಷ್ಟು ಅಳುವುದನ್ನು ಕೇಳಿರಲಿಲ್ಲ.

4.16

ಮುನಿಯಣ್ಣ ಆನೇಕಲ್‌ಗೆ ಲೋಡ್ ತೆಗೆದುಕೊಂಡು ಹೋಗಿದ್ದಾನೆ, ಫೋನ್ ಎತ್ತುತ್ತಿಲ್ಲ. ಸಿದ್ದಾರ್ಥ್‌ಗೆ ಮೂರು ಸಲ. "ಮೀಟಿಂಗ್‌ನಲ್ಲಿದ್ದೇನೆ" ಅನ್ನುವ ರೆಡಿಮೇಡ್ ಮೆಸೇಜ್.

ಟೀ ಅಂಗಡಿಯ ಆಚೆ, ಟ್ರಾನ್ಸ್‌ಫಾರ್ಮರ್ ಪಕ್ಕ ಬಿಳಿ ಕಾರು. ಬೆಳಗಿನದೇ? ಇಲ್ಲಿ ಎರಡಕ್ಕೊಂದು ಕಾರು ಬಿಳಿಯದೇ, ಕಂಪನಿ ಕ್ಯಾಬೆಲ್ಲ ಬಿಳಿ. ನಂಬರ್ ನೋಡಿಟ್ಟುಕೊಳ್ಳಲಿಲ್ಲ. ಮುಖ ಬಿಟ್ಟು ಬೇರೇನನ್ನೂ ನೋಡಲು ಬಾರದವಳು ನಾನು. ಗಾಜು ಮೇಲಿದೆ, ಒಳಗೆ ಯಾರೂ ಕಾಣುವುದಿಲ್ಲ.

ಹೋದರೆ ಹಿಂದೆ ಬರಬಹುದು. ನಾನೇ ದಾರಿ ತೋರಿಸಿದಂತೆ, ಎರಡನೆಯ ಸಲ. ಹೋಗದಿದ್ದರೆ ರಕ್ತವಿಲ್ಲದೆ ಅವಳೇ ಹೋಗುತ್ತಾಳೆ, ಅವರು ಬರುವುದೇ ಬೇಕಾಗಿಲ್ಲ.

4.22

ಕಾರು ಹಾಗೇ ಇದೆ. ಎಂಜಿನ್ ಆನ್ ಇದೆಯೋ ಏನೋ, ಸೈಲೆನ್ಸರಿನ ಕೆಳಗೆ ಧೂಳು ಅಲುಗುತ್ತಿದೆ.

ಹಿಂದಿನ ಬಾಗಿಲಿನಿಂದ ಮೋರಿ ದಾಟಿದರೆ ಮೇನ್ ರೋಡ್. ಅಲ್ಲಿ ಬಸ್ಸು, ಒಂದು ಕಡೆ ಇಳಿದು ಇನ್ನೊಂದು ಬಸ್ಸು. ಮುಕ್ಕಾಲು ಗಂಟೆ. ಅಷ್ಟು ಹೊತ್ತು ತಡೆದೀತೇ ಆ ಹುಡುಗಿ. ಆಟೋ ಆದರೆ ಇಪ್ಪತ್ತು ನಿಮಿಷ, ಆದರೆ ಆಟೋ ಸಿಗುವುದು ಆ ಕಾರಿನ ಮುಂದೆಯೇ.

ಸಿದ್ರಾಮ ಮತ್ತೆ ಫೋನ್ ಮಾಡುತ್ತಿದ್ದಾನೆ.

ಹೊರಟೆ. ಮುಂದಿನ ಬಾಗಿಲಿಂದಲೇ, ಆಟೋಗೆ. ಇಪ್ಪತ್ತು ನಿಮಿಷ.