ಬಿಗಿ ಕುತ್ತಿಗೆಯ ಸ್ವೆಟರ್

ಕೆಮ್ಮಣ್ಣು
9 ಮೇ 2025

ಪ್ರೀತಿಯ ತಂಗಿ ತೆರೆಸಾಳಿಗೆ,

ಕಾರ್ಕಳದ ನಿನ್ನ ಮನೆಯವರಿಗೆಲ್ಲ ಅಕ್ಕನ ನೆನಪುಗಳು. ಕಾಗದ ಬಂತೆಂದು ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಭಾವ ಮೌರಿಸ್ ಪಕ್ಕದಲ್ಲೇ ಕುಳಿತಿರುತ್ತಾರೆ, ಅಡುಗೆಮನೆಗೆ ಹೋದರೆ ಅಲ್ಲಿ ಸೊಸೆ ಆಶ್ಲಿ. ಮೊದಲು ಕೊಂಕಣಿಯಲ್ಲಿ ಬರೆಯಲು ಹೊರಟೆ, ಸ್ವಲ್ಪ ಬರೆಯುವಷ್ಟರಲ್ಲಿ ಅಳು ಬಂತು. ಅದಕ್ಕೆ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀನು ಟೀಚರ್ ಆಗಿದ್ದವಳು, ದಯವಿಟ್ಟು ಕೆಂಪು ಪೆನ್ನು ಹಿಡಿದು ಕೂರಬೇಡ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ಸ್ವೆಟರಿಗೆ ವೋಟು ಕೇಳುವುದನ್ನು ನಿಲ್ಲಿಸು.

ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಸಿನಿಮಾ, ಟಿವಿಗಳಲ್ಲಿ ಕಾಣಿಸಿಕೊಂಡ ಉಲ್ಲನ್ ಬಟ್ಟೆಗಳಲ್ಲಿ ಯಾವುದು ಚೆಂದವೆಂದು ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ವೋಟು ಹಾಕುವ ಸ್ಪರ್ಧೆ ನಡೆಯುತ್ತಿದೆ ಎಂದು ಕಂಡುಹಿಡಿದವಳೇ ನೀನು. ನಾನು ಹೆಣೆದ ಸ್ವೆಟರ್ ಅದರ ಕೊನೆಯ ಸುತ್ತಿಗೆ ಬಂದಿದೆ ಎಂದು ತಿಳಿದಾಗ ನೀನು ಎಬ್ಬಿಸಿದ ಗಲಾಟೆ ಇಲ್ಲಿಯವರೆಗೂ ಮುಟ್ಟಿತು. ನಿನ್ನ ಹಳೆಯ ವಿದ್ಯಾರ್ಥಿಗಳೆಲ್ಲ ವೋಟು ಹಾಕಿ ಹಾಕಿಸುತ್ತಿದ್ದಾರೆ. ಮೀನು ತರಲು ಹೋದರೆ ಅಂಗಡಿಯ ಜಲಾಲ್ ನನ್ನನ್ನು ಕಂಡು, ಬಾಯಮ್ಮಾ, ನಮ್ಮ ಮನೆಯವರದ್ದು ಎಲ್ಲ ಹಾಕಿ ಆಯಿತು, ದುಬೈಯಿಂದ ತಮ್ಮನದ್ದೂ ಆಯಿತು, ಎಂದು ಒಂದು ಬಂಗುಡೆ ಹೆಚ್ಚೇ ಹಾಕಿಕೊಟ್ಟ. ಭಾನುವಾರ ಪೂಜೆಯ ನಂತರ ಫಾದರ್ ನನ್ನನ್ನು ಇಗರ್ಜಿಯಲ್ಲಿ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ನಿಂತೆ, ನಕ್ಕೆ. ಮನೆಗೆ ಬಂದು, ನಮ್ಮದಕ್ಕೆ ಎದುರಾಗಿ ನಿಂತಿರುವ ಆ ಹಿಮದೂರಿನ ಪೊಲೀಸ್ ಧಾರಾವಾಹಿಯ ನೀಲಿ ಕಾರ್ಡಿಗನ್ನಿಗೆ ವೋಟು ಹಾಕಿದೆ.

ಹೌದು, ನಾನೇ. ಈಗ ಕಾರಣ ಕೇಳು.

ಹೋದ ವರ್ಷ ಸೆಕೆಗಾಲದಲ್ಲಿ ಕಾಪು ದೀಪಸ್ತಂಭದ ಹತ್ತಿರ ವೆಬ್ ಸರಣಿಯವರು ಬೀಡುಬಿಟ್ಟಿದ್ದಾಗ ನಮ್ಮ ಕ್ಲಾಯ್ಡ್ ಅವರಿಗೆ ವ್ಯಾನ್ ಓಡಿಸುತ್ತಿದ್ದ. ಹಡಗಿನಲ್ಲಿ ದುಡಿದು ಬಂದ ಮುದುಕನ ಪಾತ್ರಕ್ಕೆ ಹಳೆಯ ಸ್ವೆಟರೊಂದು ಬೇಕೆಂದರಂತೆ. ನಮ್ಮ ಮನೆಯಲ್ಲಿ ಹಡಗಿನ ಮುದುಕನೂ ಇದ್ದ, ಸ್ವೆಟರೂ ಇತ್ತು. ಆ ಬಿಸಿಲಿನಲ್ಲೂ ನಿನ್ನ ಭಾವ ಅದನ್ನು ಬಿಟ್ಟಿರುತ್ತಿರಲಿಲ್ಲ, ಬೆನ್ನ ತುಂಬ ಬೆವರುಗುಳ್ಳೆ ಎದ್ದಿತ್ತು. ಅಪ್ಪನಿಗೂ ಆರಾಮವಾಗಲಿ ಎಂದು ಕ್ಲಾಯ್ಡ್ ನನ್ನನ್ನು ಕೇಳದೆ ಕೊಟ್ಟುಬಿಟ್ಟ. ಅವನನ್ನು ಬೈಯಬೇಡ, ಅವನ ಕಣ್ಣಿಗೆ ಅದೊಂದು ಬಟ್ಟೆ. ಈ ಒಂದು ವರ್ಷ ಅದು ಯಾವ ಪೆಟ್ಟಿಗೆಯಲ್ಲಿ ಬಿದ್ದಿತ್ತೋ ದೇವರಿಗೇ ಗೊತ್ತು.

ಕಳೆದ ವಾರ ಆ ಕಂಪೆನಿಯಲ್ಲಿ ವೇಷಭೂಷಣ ನೋಡಿಕೊಳ್ಳುವ ಹುಡುಗಿಗೆ ಫೋನ್ ಮಾಡಿ ಕೇಳಿದೆ. ಒಳ್ಳೆಯ ಹುಡುಗಿ, ಆಂಟಿ ಆಂಟಿ ಎಂದು ಮಾತಾಡಿದಳು. ಗೆದ್ದರೆ ಅದನ್ನು ಮುಂಬೈಯಲ್ಲಿ ಗಾಜಿನ ಕಪಾಟಿನಲ್ಲಿ ಕಾಯಂ ಆಗಿ ಇಡುತ್ತಾರಂತೆ, ಕೆಳಗೆ ನನ್ನ ಹೆಸರೂ ಇರುತ್ತದಂತೆ. ಸೋತರೆ ಅದು ಅವರಿಗೆ ಬೇಡ, ಕೊರಿಯರಿನಲ್ಲಿ ನಮಗೇ ಕಳಿಸುತ್ತಾಳಂತೆ. ಹಾಗೆ ಆಗದಿರಲಿ, ನೀವೇ ಗೆಲ್ಲಬೇಕು ಎಂದು ಪ್ರಾರ್ಥಿಸುತ್ತೇನೆ ಆಂಟಿ, ಎಂದಳು ಪಾಪ.

ಅಷ್ಟಕ್ಕೆಲ್ಲ ಯಾಕೆ, ಇನ್ನೊಂದು ಹೆಣೆದರೆ ಆಯಿತಲ್ಲ ಎಂದು ನೀನು ಹೇಳುತ್ತೀ. ಅದರ ಕುತ್ತಿಗೆ ನಿನಗೆ ನೆನಪಿರಬೇಕು. ಮದುವೆಯಾದ ವರ್ಷ ಅವರು ಹ್ಯಾಂಬರ್ಗಿನಿಂದ ನೂಲು ತಂದದ್ದು, ಕಾನ್ವೆಂಟಿನಲ್ಲಿ ಕಲಿತ ಅರೆಬರೆ ವಿದ್ಯೆಯಲ್ಲಿ ನಾನು ಹೆಣೆದದ್ದು, ಕುತ್ತಿಗೆ ಬಿಗಿಯಾಗಿ ನೀನು ಬಿದ್ದು ಬಿದ್ದು ನಕ್ಕದ್ದು. ಬಿಚ್ಚಿ ಸರಿ ಮಾಡುತ್ತೇನೆಂದರೆ ಅವರು ಬಿಡಲೇ ಇಲ್ಲ. ಹಾಕಿಕೊಳ್ಳುವಾಗ ತಲೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು, ನಾನು ಎದುರು ನಿಂತು ಎಳೆಯಬೇಕು. ತಲೆ ಹೊರಗೆ ಬಂದ ಕೂಡಲೇ ಕೆದರಿದ ಕೂದಲಿನಲ್ಲಿ ನನ್ನನ್ನು ನೋಡಿ, ಒಲಿಂಡಾ, ನನ್ನನ್ನು ಕೊಲ್ಲುತ್ತೀಯಾ ಮಾರಾಯ್ತಿ, ಎನ್ನುವರು. ರಜೆಯಲ್ಲಿ ಬಂದಾಗಲೆಲ್ಲ ಅದೇ ಮಾತು. ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು.

ಮರೆವಿನ ಕಾಯಿಲೆ ಬಂದ ಮೇಲೂ ಆ ಮಾತು ಮಾತ್ರ ಉಳಿದಿತ್ತು ತೆರೆಸಾ. ಮಗನ ಹೆಸರು ಹೋಯಿತು, ಮನೆಯ ಬಾಗಿಲು ಯಾವ ಕಡೆ ಎನ್ನುವುದು ಹೋಯಿತು, ಆಮೇಲೆ ನನ್ನ ಮುಖವೂ ಹೋಯಿತು. ನೀನು ಫೋನ್ ಮಾಡಿದಾಗಲೆಲ್ಲ, ನೀನು ಹೇಗಿದ್ದೀ ಎಂದು ನಿನ್ನ ಭಾವ ಕೇಳುತ್ತಿದ್ದರು, ಸ್ವಲ್ಪ ಮರೆವು ಅಷ್ಟೆ, ಎನ್ನುತ್ತಿದ್ದೆನಲ್ಲ, ಅದು ನಿನ್ನ ಸಮಾಧಾನಕ್ಕೆ. ನಾನು ಮಣಿಪಾಲದ ಆಸ್ಪತ್ರೆಯಿಂದ ಬಂದ ನರ್ಸ್ ಎಂದು ಅವರು ತಿಳಿದಿದ್ದಾರೆ. ಸಿಸ್ಟರ್ ಎಂದು ಕರೆಯುತ್ತಾರೆ, ನನ್ನೊಂದಿಗೆ ಬಹುವಚನದಲ್ಲಿ ಮಾತಾಡುತ್ತಾರೆ, ಸ್ನಾನ ಮಾಡಿಸುವಾಗ ನಾಚಿಕೊಳ್ಳುತ್ತಾರೆ. ಆದರೆ ಸ್ವೆಟರ್ ಇದ್ದಷ್ಟು ದಿನ, ಬೆಳಗ್ಗೆ ಅದನ್ನು ತೊಡಿಸುವಾಗ ತಲೆ ಸಿಕ್ಕಿ, ನಾನು ಎಳೆದು, ಮುಖ ಹೊರಗೆ ಬಂದರೆ ಸಾಕು, ಒಲಿಂಡಾ, ನನ್ನನ್ನು ಕೊಲ್ಲುತ್ತೀಯಾ ಮಾರಾಯ್ತಿ. ಮತ್ತೆ ಕಾಫಿ ಕುಡಿದು ಮುಗಿಯುವವರೆಗೆ ನಾನು ಅವರ ಹೆಂಡತಿ. ದಿನಕ್ಕೆ ಅಷ್ಟು ಸಿಕ್ಕಿದರೆ ಉಳಿದ ಹೊತ್ತು ನರ್ಸ್ ಆಗಿರಲು ನನಗೆ ಕಷ್ಟವಿರಲಿಲ್ಲ.

ಇನ್ನೊಂದು ಹೆಣೆದೂ ನೋಡಿದೆ. ಉಡುಪಿಯಲ್ಲಿ ಸಿಕ್ಕಿದ ನೂಲು ಮೆತ್ತಗೆ, ನನ್ನ ಕೈಯೂ ಈಗ ಸಡಿಲ. ತಲೆ ಸಲೀಸಾಗಿ ಹೊರಗೆ ಬಂತು, ಥ್ಯಾಂಕ್ಯೂ ಸಿಸ್ಟರ್ ಎಂದರು. ಬಿಚ್ಚಿ, ಬೇಕೆಂದೇ ಕುತ್ತಿಗೆ ಬಿಗಿ ಮಾಡಿದೆ. ಈ ಸಲ ಒಳಗೆ ಸಿಕ್ಕಿಕೊಂಡು ಮಗುವಿನ ಹಾಗೆ ಚೀರಿದರು, ಕೈಯಾಡಿಸಿ ನನ್ನ ಕನ್ನಡಕ ಬೀಳಿಸಿದರು. ಹಳೆಯದರ ವಾಸನೆ ಇದರಲ್ಲಿ ಇರಲಿಲ್ಲವೋ ಏನೋ. ಆಮೇಲೆ ಅದನ್ನು ಅವರ ಹತ್ತಿರ ತಂದಿಲ್ಲ.

ಆಶ್ಲಿಗಾಗಲಿ ಕ್ಲಾಯ್ಡ್‌ಗಾಗಲಿ ಇದನ್ನು ಹೇಳಿಲ್ಲ. ಹೇಳಿದರೆ ಕ್ಲಾಯ್ಡ್ ಸಂಕಟಪಡುತ್ತಾನೆ, ಅಪ್ಪನ ಒಳ್ಳೆಯದಕ್ಕೆಂದೇ ಅವನು ಹಾಗೆ ಮಾಡಿದ್ದು. ನಿನ್ನ ಮೇಲೂ ನನಗೆ ಕೋಪವಿಲ್ಲ. ಅಕ್ಕ ಜೀವಮಾನವಿಡೀ ಊರಿನ ಮಕ್ಕಳಿಗೆ ಟೊಪ್ಪಿ, ಕಾಲುಚೀಲ ಹೆಣೆದು ಕೊಟ್ಟವಳು, ಅವಳಿಗೂ ಒಂದು ಹೆಸರು ಬರಲಿ ಎಂದು ನೀನು ಓಡಾಡುತ್ತಿದ್ದೀ. ನನಗೆ ಆಸೆ ಇಲ್ಲವೆಂದರೆ ಅದು ಸುಳ್ಳು. ಗಾಜಿನ ಮೇಲೆ ಒಲಿಂಡಾ ಎಂದು ಬರೆದದ್ದನ್ನು ಮುಂಬೈಯಲ್ಲಿ ಯಾರ್ಯಾರೋ ಓದಿಯಾರು. ಆದರೆ ನನಗೆ ಆ ಹೆಸರು ಇವರ ಬಾಯಿಂದ ಬೇಕು. ಹಳೆಯದು ಬಂದರೂ ಕರೆಯುತ್ತಾರೆಂಬ ಖಾತ್ರಿಯಿಲ್ಲ, ಒಂದು ವರ್ಷದಲ್ಲಿ ಅವರು ಇನ್ನಷ್ಟು ದೂರ ಹೋಗಿದ್ದಾರೆ. ಆದರೂ ಒಂದು ಸಲ ನೋಡಬೇಕು.

ವೋಟು ಈ ತಿಂಗಳ ಕೊನೆಯವರೆಗೆ ಇದೆ. ನಿನ್ನವರಿಗೆ ಏನಾದರೂ ನೆಪ ಹೇಳಿ ಆ ನೀಲಿ ಕಾರ್ಡಿಗನ್ನಿಗೆ ಹಾಕಿಸು. ಅಕ್ಕನಿಗೆ ತಲೆ ಕೆಟ್ಟಿದೆ ಎಂದರೂ ಅಡ್ಡಿಯಿಲ್ಲ.

ಇತಿ, ನಿನ್ನ ಗೆಲುವಿಗೆ ಕಲ್ಲು ಹಾಕುತ್ತಿರುವ
ಅಕ್ಕ ಒಲಿಂಡಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಆಶ್ಲಿ ಫೋನ್ ತೆಗೆದುಕೊಂಡು ಹೋಗಿ ಸ್ಪರ್ಧೆಯ ಚಿತ್ರಗಳನ್ನು ನಿನ್ನ ಭಾವನಿಗೆ ತೋರಿಸಿದಳು. ತುಂಬ ಹೊತ್ತು ನೋಡಿದರು. ಮತ್ತೆ ನಮ್ಮ ಸ್ವೆಟರಿನ ಮೇಲೆ ಬೆರಳಿಟ್ಟು, ಇದು ನನ್ನ ಒಲಿಂಡಾ ಹೆಣೆದದ್ದು, ಕುತ್ತಿಗೆ ಸ್ವಲ್ಪ ಬಿಗಿ ಉಂಟು, ಎಂದರು. ಬೆರಳು ತಾಗಿದ್ದೇ ವೋಟು ಬಿತ್ತು. ಆಶ್ಲಿ ಚಪ್ಪಾಳೆ ತಟ್ಟಿದಳು. ಆ ಒಂದು ವೋಟು ಇರಲಿ ತೆರೆಸಾ, ಬಾಕಿಯದನ್ನು ನಿಲ್ಲಿಸು. ನಾನು ಅಲ್ಲೇ, ಅವರ ಕುರ್ಚಿಯ ಪಕ್ಕದಲ್ಲೇ ನಿಂತಿದ್ದೆ. ನನ್ನ ಕಡೆ ತಿರುಗಿ, ಸಿಸ್ಟರ್, ಒಲಿಂಡಾ ಬಂದರೆ ಹೇಳಿ, ನಾನು ಅವಳದ್ದಕ್ಕೇ ಹಾಕಿದ್ದೇನೆ, ಎಂದರು. ಹೇಳುತ್ತೇನೆ ಎಂದೆ.