ನೀಲಾಳ ಅಂಗೈ

ಖಾನಾಪುರ
ಬುಧವಾರ, ೨೧ ಆಗಸ್ಟ್ ೨೦೨೪

ಚಿ. ಸೌ. ದಾನೇಶ್ವರಿಗೆ,

ನಿನ್ನ ಅತ್ತೆ ಸಂಗವ್ವನ ಆಶೀರ್ವಾದ. ಇಲ್ಲಿ ನಾವು ಕ್ಷೇಮ. ನಾವು ಎಂದರೆ ಈಗ ನಾನು ಮತ್ತು ಪ್ರಸಾದ, ಇಬ್ಬರೇ. ನಿನ್ನ ಗಂಡ ಎರಡು ಹೊತ್ತೂ ಉಣ್ಣುತ್ತಾನೆ, ನಿಮ್ಮ ಸುದ್ದಿ ಬಿಟ್ಟು ಬೇರೆ ಮಾತಾಡುವುದಿಲ್ಲ.

ನೀನು ಮಗಳನ್ನು ಕರೆದುಕೊಂಡು ಬೆಳಗಾವಿಯ ಟಿಳಕವಾಡಿಗೆ, ತವರಿಗೆ ಹೋದ ವಾರವೇ ಈ ಪತ್ರ ಬರೆಯಬೇಕಿತ್ತು. ಆರು ವಾರ ತಡವಾಯಿತು. ಕೆಲಸವಿತ್ತು ಎಂದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ಸೊಸೆಗೆ ನಾನೇ ಮೊದಲು ಏಕೆ ಬರೆಯಬೇಕು ಎಂದು ಕೂತಿದ್ದೆ. ಫೋನ್ ಮಾಡಬಹುದಿತ್ತು. ಆದರೆ ನೀನು ಫೋನನ್ನು ಸ್ಪೀಕರಿಗೆ ಹಾಕಿ, ಒಲೆಯ ಬಾಜು ಇಟ್ಟು ಮಾತಾಡುವವಳು. ಪಕ್ಕದಲ್ಲಿ ನೀಲಾ ಇರುತ್ತಾಳೆ.

ದಿನಾ ನಂದಗಡದಿಂದ ಬೆಳಗಾವಿಗೆ ಹಾಲಿನ ಟೆಂಪೋ ಒಯ್ಯುವ ಬಾಳಪ್ಪನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಿನ್ನೆ ಅವನಿಗೆ ಹೇಳಿದಾಗ, "ಸೊಸಿಗೆ ಪತ್ರಾ? ನೀವಾ? ಕೋರ್ಟಿನ ನೋಟಿಸ್ ಅಲ್ಲಲ್ರೀ ಆಯೀ? ಕೊಡಾಕ ಹೋದ ನನ್ನ ಮ್ಯಾಲ ಸಿಟ್ಟಾದಾರು" ಎಂದ. "ನೀ ಹಾಲಿಗೆ ನೀರ ಹಾಕೂದಷ್ಟ ನೋಡಕೋ. ಪತ್ರದ ಉಸಾಬರಿ ನಿನಗ ಬ್ಯಾಡ" ಎಂದೆ. ನಕ್ಕು ಹೋದ. ನನಗೆ ನಗು ಬರಲಿಲ್ಲ. ಊರವರಿಗೂ ನಾನು ಹಾಗೇ ಕಾಣುತ್ತೇನೆ ಎಂದಾಯಿತು.

ಜೊತೆಗೆ ನಾಲ್ಕು ಜೊತೆ ಕೈಗವಸು ಇವೆ. ಅಂಗಡಿಯ ಕೈಗವಸಿನ ಇಲಾಸ್ಟಿಕ್ಕು ನೀಲಾಳ ಮಣಿಕಟ್ಟಿನಲ್ಲಿ ಗೆರೆ ಬೀಳಿಸಿದ್ದನ್ನು ಶ್ರಾವಣದಲ್ಲಿ ನಿಮ್ಮಲ್ಲಿಗೆ ಬಂದ ದಿನ ನೋಡಿದೆ. ನಿನ್ನ ಮಾವನವರ ಹಳೆಯ ಧೋತರವೊಂದು ಪೆಟ್ಟಿಗೆಯಲ್ಲಿತ್ತು, ಒಗೆದು ಒಗೆದು ಬೆಣ್ಣೆಯಂತಾಗಿತ್ತು. ಅದನ್ನು ಹರಿದು, ಹೊಲಿಗೆಯ ಲಕ್ಷ್ಮೀಯಿಂದ ಹೊಲಿಸಿದೆ. ಹೊಲಿಗೆಯ ಅಂಚು ಹೊರಗಡೆ ಇದೆ. ತಪ್ಪಿ ಹೊಲಿದಿದ್ದಾರೆ ಎಂದು ತಿರುಗಿಸಬೇಡ, ಒಳಗಿದ್ದರೆ ಗುಳ್ಳೆಗೆ ತಾಗುತ್ತದೆ. ಸೋಪು ಮುಟ್ಟಿಸದೆ ಬರೀ ಬಿಸಿನೀರಿನಲ್ಲಿ ಒಗೆದಿದ್ದೇನೆ. ಡಾಕ್ಟರು ಬರೆದುಕೊಟ್ಟದ್ದನ್ನು ಪ್ರಸಾದ ನನಗೆ ಎರಡು ಸಲ ಓದಿ ಹೇಳಿದ. ಇದು ಅಂಟುವ ರೋಗವಲ್ಲ. ಹೊಲಸಿನಿಂದ ಬಂದದ್ದಲ್ಲ. ಸೋಪು, ನೀರು ಕಡಿಮೆ. ಮುಲಾಮು ಎರಡು ಹೊತ್ತು. ವಿಭೂತಿ ಬೇಡ. ಕೊನೆಯದನ್ನು ಅವನು ಸಣ್ಣ ದನಿಯಲ್ಲಿ ಓದಿದ.

ಆಗಿದ್ದನ್ನು ನಾನು ಮರೆತಿಲ್ಲ. ಬಸವ ಜಯಂತಿಗೆ ಅವಳಿಗೆ ಲಿಂಗದೀಕ್ಷೆಯಾಯಿತು. ಹದಿನೈದು ದಿನಕ್ಕೆ ಬೆರಳಸಂದಿಯಲ್ಲಿ ಸಾಬೂದಾಣಿಯಂಥ ನೀರುಗುಳ್ಳೆ ಎದ್ದವು, ಆಮೇಲೆ ಅಂಗೈ ತುಂಬ. ಕೆರೆದು ಒಡೆಯುವವು, ಒಣಗಿ ಸಿಪ್ಪೆ ಏಳುವವು, ಮತ್ತೆ ಹೊಸವು. ಜೂನಿನಲ್ಲಿ ಶಾಲೆ ಶುರುವಾದಾಗ ಆಟಕ್ಕೆ ಯಾರೂ ಅವಳ ಕೈ ಹಿಡಿಯಲಿಲ್ಲ. ಆರು ವರ್ಷದ ಕೂಸು ಅನ್ನಕ್ಕೆ ಚಮಚ ಕೇಳತೊಡಗಿತು, ಖಾರ ತಾಗಿದರೆ ಉರಿಯುತ್ತದೆ ಎಂದು.

ನೀನು ದವಾಖಾನೆಗೆ ಹೋಗೋಣ ಎಂದೆ. ನಾನು ಬೇಡ ಎಂದೆ. ಇಷ್ಟಲಿಂಗ ಕೂರುವ ಅಂಗೈಗೆ ಮುಲಾಮು ಯಾಕೆ ಎಂದೆ. ಊರಿಗೆಲ್ಲ ದೀಕ್ಷೆ ಕೊಟ್ಟ ಮನೆತನ, ನಮ್ಮ ಕೂಸಿನ ಅಂಗೈಯೇ ಹುಣ್ಣಾದರೆ ಜನ ಏನೆಂದಾರು ಎಂಬುದೂ ನನ್ನೊಳಗಿತ್ತು. ನೀನು ಬ್ಯಾಂಕಿನ ಕೆಲಸಕ್ಕೆಂದು ಏಳೂವರೆಯ ಬಸ್ಸು ಹಿಡಿದ ಮೇಲೆ ನಾನು ಅವಳನ್ನು ಪೂಜೆಗೆ ಕೂರಿಸುತ್ತಿದ್ದೆ. ವಿಭೂತಿಯನ್ನು ನೀರಿನಲ್ಲಿ ಕಲಸಿ ಆ ಅಂಗೈಗೆ ದಪ್ಪಗೆ ತಿಕ್ಕುತ್ತಿದ್ದೆ, ಒಡೆದ ಗುಳ್ಳೆಯ ಮೇಲೆಯೇ. ಅದರ ಮೇಲೆ ಲಿಂಗ ಇಟ್ಟು, ಪೂಜೆ ಮುಗಿಯುವ ತನಕ ಅಲುಗಾಡದೆ ಹಿಡಿ ಎನ್ನುತ್ತಿದ್ದೆ. ವಿಭೂತಿಯಿಂದಲೇ ಮಾಯುತ್ತದೆ ಎಂದು ಮನಸಾರೆ ನಂಬಿದ್ದೆ, ಅದು ಖರೇ. ಆದರೆ ಉರಿಯುತ್ತದೆ ಎಂದು ಗೊತ್ತಿರಲಿಲ್ಲ ಎಂದರೆ ಸುಳ್ಳು. ಅವಳ ಕಾಲ್ಬೆರಳು ಮಡಚಿಕೊಳ್ಳುವುದನ್ನು ನೋಡುತ್ತಿದ್ದೆ.

"ಉರೀತೈತೇನು?" ಎಂದರೆ, "ಸಣ್ಣಗ, ಆಯಿ" ಎನ್ನುವಳು.

"ನಮ್ಮ ಮನಿ ಕೂಸಂದ್ರ ಹಿಂಗಿರಬೇಕು" ಎಂದು ಹೊಗಳುತ್ತಿದ್ದೆ. ಆ ಒಂದು ಮಾತಿಗಾಗಿ ಅವಳು ತಡೆದುಕೊಂಡಳು, ನಿನಗೂ ಹೇಳಲಿಲ್ಲ.

ಒಂದು ದಿನ ಅವಳಿಗೆ ನೀರು ಎರೆಯುವಾಗ ಅಂಗೈಯ ಸೀಳಿನೊಳಗೆ ವಿಭೂತಿ ಹೆಪ್ಪುಗಟ್ಟಿದ್ದನ್ನು ನೀನು ಕಂಡೆ. "ಅತ್ಯಾರ, ನಿಮ್ಮ ದೇವ್ರು ನಿಮ್ಮ ಅಂಗೈಯಾಗ ಇರ್ಲಿ. ನನ್ನ ಮಗಳ ಅಂಗೈ ನನಗ ಕೊಡ್ರಿ" ಎಂದೆ. ಈ ಮನೆಗೆ ನಾನು ಬಂದು ನಾಲ್ವತ್ತೆಂಟು ವರ್ಷ, ಯಾರೂ ನನಗೆ ಎದುರು ಆಡಿರಲಿಲ್ಲ. "ಹೋಗೂದಿದ್ರ ಹೋಗು" ಎಂದುಬಿಟ್ಟೆ. ನೀನು ಹೋದೆ. ಸರಿಯಾಗಿಯೇ ಮಾಡಿದೆ. ಇದನ್ನು ಬರೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಬೇಡ.

ಶ್ರಾವಣದ ಎರಡನೆಯ ಸೋಮವಾರ ನಾನು ಬಂದಾಗ ನಿನ್ನ ತಾಯಿ, "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಕುರ್ಚಿ ಹಾಕಿದರು. ಬಾಗಿಲಲ್ಲಿ ನಿಂತಿದ್ದ ನೀಲಾ ನನ್ನನ್ನು ನೋಡಿದವಳೇ ಎರಡೂ ಕೈ ಬೆನ್ನ ಹಿಂದೆ ಒಯ್ದಳು.

"ನೀಲವ್ವಾ, ಆಯಿ ಬಂದೀನಿ. ಎಲ್ಲಿ, ಕೈ ತೋರಸು."

"ಕೈ ಇಲ್ಲ" ಎಂದಳು.

ನಾನು ಚಹಾ ಕುಡಿಯದೆ ಎದ್ದೆ. ಅತ್ತೆ ಸೊಕ್ಕಿನಿಂದ ಎದ್ದು ಹೋದರು ಎಂದು ನೀನು ಪ್ರಸಾದನಿಗೆ ಹೇಳಿದೆಯಂತೆ. ಇನ್ನೊಂದು ಗಳಿಗೆ ಕೂತಿದ್ದರೆ ಬೀಗತಿಯ ಎದುರು ಅಳುತ್ತಿದ್ದೆ. ಸೊಕ್ಕು ಎಂದುಕೊಂಡರೆ ವಾಸಿ ಅನ್ನಿಸಿತು.

ಗುಳ್ಳೆ ಇಳಿದಿವೆ, ಆದರೂ ಅವಳು ಮುಷ್ಟಿ ಬಿಚ್ಚುವುದಿಲ್ಲ ಎಂದು ಪ್ರಸಾದ ಹೇಳಿದ. ನಿದ್ದೆ ಹತ್ತಿದ ಮೇಲೆ ನೀನು ಒಂದೊಂದೇ ಬೆರಳು ಬಿಡಿಸಿ ಮುಲಾಮು ಹಚ್ಚುತ್ತೀಯಂತೆ. ಮುಚ್ಚಿದ ಅಂಗೈ ಬೆವೆತು ಮತ್ತೆ ಗುಳ್ಳೆ ಏಳಬಹುದು ಎಂದು ಡಾಕ್ಟರು ಅಂದಿದ್ದಾರಂತೆ. ಶಾಲೆಯ ಮಕ್ಕಳು ಅಂದದ್ದಕ್ಕೇ ಹೀಗಾಗಿದೆ ಎಂದು ನೀನು ಇಲ್ಲಿಯ ಶಾಲೆ ಬಿಡಿಸಿ, ಸೋಮವಾರ ಟಿಳಕವಾಡಿಯಲ್ಲಿ ಹೆಸರು ಹಚ್ಚುತ್ತೀಯಂತೆ. ಅದನ್ನು ಕೇಳಿಯೇ ಇವತ್ತು ಬರೆಯಲು ಕೂತೆ. ಎಲ್ಲಿ ಬೇಕಾದರೂ ಓದಿಸು, ಬೇಡ ಎನ್ನುವುದಿಲ್ಲ. ಆದರೆ ಶಾಲೆ ಬದಲಿಸಿದರೆ ಆ ಮುಷ್ಟಿ ಬಿಚ್ಚುವುದಿಲ್ಲ, ದಾನೇಶ್ವರಿ. ಆ ಮಕ್ಕಳದ್ದೇನೂ ತಪ್ಪಿಲ್ಲ.

ನಿನ್ನ ತಾಯಿಗೆ ನನ್ನ ಶರಣು ತಿಳಿಸು. ನಿನಗೂ ಕೂಸಿಗೂ ಶಿವ ಕಣ್ಣಿಟ್ಟು ಕಾಯಲಿ. ಬಾ ಎಂದು ನಾನು ಬರೆಯುತ್ತಿಲ್ಲ. ಬರುವುದು, ಬಿಡುವುದು ನಿನ್ನ ಇಚ್ಛೆ.

ಇಂತು,
ನಿನ್ನ ಅತ್ತೆ
ಸಂಗವ್ವ

ತಾ.ಕ. ಸಹಿ ಮಾಡಿ ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಇಷ್ಟು ಬರೆದೂ ಹೇಳಬೇಕಾದದ್ದನ್ನು ಬರೆದಿಲ್ಲ.

ನೀವು ಹೋಗುವ ಹಿಂದಿನ ವಾರ, ಪೂಜೆಯ ಹೊತ್ತಿನಲ್ಲಿ ನೀಲಾಳ ಲಿಂಗ ನೆಲಕ್ಕೆ ಬಿತ್ತು. ಹಾಸುಗಲ್ಲಿನ ಮೇಲೆ ಟಣ್ ಎಂದಿತು. ನಮ್ಮಲ್ಲಿ ಅದು ಎಂಥ ಮಾತು ಎಂದು ನಿನಗೆ ಗೊತ್ತು. ಲಿಂಗ ಕೈತಪ್ಪಿದ್ದಕ್ಕೆ ಜೀವ ಬಿಟ್ಟವರ ಕಥೆಗಳನ್ನು ಅವಳಿಗೆ ಹೇಳಿದವಳೂ ನಾನೇ. ಅವಳು ನನ್ನ ಮುಖ ನೋಡಿದಳು. ನಾನು, "ಇಂಥಾ ಕೈಯಾಗ ಶಿವ ಹೆಂಗ ನಿಂತಾನ?" ಎಂದೆ. "ನಿಮ್ಮವ್ವಗ ಹೇಳಬ್ಯಾಡ" ಎಂದೂ ಅಂದೆ. ಅವಳು ಹೇಳಿಲ್ಲ. ಅವತ್ತಿನಿಂದ ಮುಚ್ಚಿದ ಕೈ ಅದು.

ಅವಳ ಕೈಯಿಂದ ಲಿಂಗ ಬೀಳಲಿಲ್ಲ, ದಾನೇಶ್ವರಿ. ಅವಳು ಕಣ್ಣು ಮುಚ್ಚಿ ಕೂತಿದ್ದಳು, ಅಂಗೈ ಬಟ್ಟಲಿನ ಹಾಗೆ ನೆಟ್ಟಗೆ ಕಾಯುತ್ತಿತ್ತು. ಇಡುವ ಮೊದಲೇ ನನ್ನ ಬೆರಳಿನಿಂದ ಜಾರಿತು. ಸಂಕ್ರಾಂತಿಯಿಂದ ನನ್ನ ಬಲಗೈ ನಡುಗುತ್ತದೆ. ಯಾರಿಗೂ ಹೇಳಿಲ್ಲ, ಪ್ರಸಾದನಿಗೂ ಇಲ್ಲ. ನನ್ನ ಕೈ ನಡುಗುತ್ತದೆ ಎಂದು ಒಪ್ಪಿಕೊಳ್ಳಲಾರದೆ, ಆರು ವರ್ಷದ ಕೂಸಿನ ಕೈ ಕೆಟ್ಟದ್ದು ಎಂದೆ.

ಬಿದ್ದದ್ದು ಆಯಿಯ ಕೈಯಿಂದ ಎಂದು ಅವಳಿಗೆ ಹೇಳು. ನಂಬದಿದ್ದರೆ ನನ್ನನ್ನು ಕರೆಸು. ಅವಳ ಎದುರು ಕೂತು, ನಡುಗುವ ಈ ಕೈಯನ್ನು ಚಾಚಿ ತೋರಿಸುತ್ತೇನೆ. ಅವಳು ನೋಡುವಷ್ಟು ಹೊತ್ತು ಹಿಂದಕ್ಕೆ ತೆಗೆಯುವುದಿಲ್ಲ.