ಏಳನೇ ಫೀಡರ್

ಏಪ್ರಿಲ್ 3, ಮಧ್ಯಾಹ್ನ 2:20
ಸಬ್‌ಸ್ಟೇಷನ್ನಿನಲ್ಲಿ ಲೋಡ್‌ಶೆಡ್ಡಿಂಗ್ ಸರದಿ. ಏಳನೇ ಫೀಡರ್ ಲೈನ್ ತೆಗೆದೆ. ಥಿಯೇಟರ್ ಹಿಂದಿನ ಆರು ಬೀದಿಗೆ ಎರಡು ಗಂಟೆ ಕರೆಂಟ್ ಇಲ್ಲ. ಲಾಗ್‌ಬುಕ್ ಬರೆದು ಮೊಬೈಲಿನ ಚೆಸ್‌ಗೆ ಮರಳಿದರೆ ಒಂಟಿಚಪ್ಪಲಿ ಮಾಯ. ಆನ್‌ಲೈನಿನಲ್ಲಿ ನನ್ನ ಎದುರಾಳಿಯ ಹೆಸರು ಅದು; ನನ್ನದು ಫ್ಯೂಸ್. ಎಂಟು ತಿಂಗಳಿಂದ ದಿನಾ ಆಡುತ್ತೇವೆ. ಗೆಲ್ಲುವ ಆಟ ಬಿಟ್ಟು ಏಳುವವರಲ್ಲ ಅವರು.

ಏಪ್ರಿಲ್ 5
ನಿನ್ನೆ ಸರದಿ ಮೂರಕ್ಕೆ. ಮೂರಕ್ಕೇ ಮಾಯ. ಇವತ್ತು ನಾಲ್ಕಕ್ಕೆ. ನಾಲ್ಕಕ್ಕೇ ಮಾಯ. ಅಂದರೆ ನನಗಿರುವ ಒಬ್ಬರೇ ಸ್ನೇಹಿತರು ಎರಡು ಕಿಲೋಮೀಟರ್ ಆಚೆ ಇದ್ದಾರೆ. ಅವರನ್ನು ಆರಿಸುತ್ತಿರುವುದು ನಾನೇ.

ಏಪ್ರಿಲ್ 9
ಚಾಟ್‌ನಲ್ಲಿ ಬರೆದರು: "ಕರೆಂಟ್ ಹೋದ್ರೆ ಲಿಫ್ಟೂ ಇಲ್ಲ. ನಾಲ್ಕನೇ ಮಹಡಿ, ಮಂಡಿನೋವಿನವಳು ನಾನು. ಗಡಿಯಾರ ನೋಡ್ಕೊಂಡೇ ತೆಗೀತಾನಲ್ಲ ಆ ಪುಣ್ಯಾತ್ಮ, ಅವನಿಗೆ ಮನೇಲಿ ಕಾಯೋರು ಯಾರೂ ಇಲ್ವೇನೋ!"
ನಗುವ ಮುಖ ಕಳಿಸಿದೆ. ಇಲ್ಲ. ಯಾರೂ ಇಲ್ಲ.
ಹಿರಿಯ ಆಪರೇಟರ್ ಪಕ್ಕದಲ್ಲಿ ಗೊಣಗುತ್ತಿದ್ದರು. "ಹಳೇ ವಿದ್ಯುತ್ ಘಟಕ ಮುಚ್ಚಿದ್ರು, ಹೊಸದು ಕಾಗದದ ಮೇಲೇ ಇದೆ. ಪಾಲಿಸಿ ಮಾಡೋರು ಅವರು, ಬೈಸ್ಕೊಳ್ಳೋರು ನಾವು."

ಏಪ್ರಿಲ್ 16
ತಪ್ಪು ಮಾಡಿದೆ. ಆಟ ಮುಗಿಯಲಿ ಎಂದು ಹನ್ನೊಂದು ನಿಮಿಷ ತಡವಾಗಿ ತೆಗೆದೆ. ಸೋತೆ. "ಇವತ್ತು ಪುಣ್ಯಾತ್ಮನಿಗೆ ಒಳ್ಳೇ ಬುದ್ಧಿ ಬಂದಿದೆ" ಎಂದು ಬರೆದರು. ಸಂಜೆಯವರೆಗೂ ಖುಷಿ. ಎಷ್ಟು ದಿನವಾಗಿತ್ತು ಯಾರಾದರೂ ಹೊಗಳಿ!

ಏಪ್ರಿಲ್ 17
ಮೆಮೊ ಬಂತು.

ಏಪ್ರಿಲ್ 24
ಆನ್‌ಲೈನ್ ಆಟಗಳಿಗೆ ಹೊಸ ನಿಯಮ. ಜೂಜುಕೋರರನ್ನು ಹಿಡಿಯಲು ಎಲ್ಲ ಆಟಗಾರರ ಗುರುತಿನ ಚೀಟಿ ಪರಿಶೀಲಿಸಬೇಕಂತೆ. ನಮ್ಮ ಪುಕ್ಕಟೆ ಚೆಸ್ ಸೈಟಿಗೆ ಅದು ಆಗದ ಮಾತು. 30ರಂದು ಮೂರೂವರೆಗೆ ಮುಚ್ಚುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.
ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಒಳ್ಳೇದೇ ಆಯ್ತು ಬಿಡೋ. ಈ ಗೇಮಿಂದ ಜನ ಹಾಳಾಗ್ತಿದಾರೆ. ಹೊರಗೆ ಹೋಗಿ ನಾಲ್ಕು ಜನರ ಜೊತೆ ಮಾತಾಡು."
ಯಾವ ನಾಲ್ಕು ಜನ?

ಏಪ್ರಿಲ್ 30, 2:56
ಕೊನೆಯ ಆಟ. ನನ್ನ ಕುದುರೆ ಮೂಲೆಯಲ್ಲಿ ಸಿಕ್ಕಿಬಿದ್ದಿದೆ. ಇವತ್ತು ಸರದಿ ಮೂರಕ್ಕೆ. ತಡ ಮಾಡಿದರೆ ಸಸ್ಪೆಂಡ್.
ಬರೆದೆ: "ಆ ಪುಣ್ಯಾತ್ಮ ನಾನೇ. ಕ್ಷಮಿಸಿ." ಕೆಳಗೆ ಸಬ್‌ಸ್ಟೇಷನ್ನಿನ ದೂರಿನ ನಂಬರ್. ಸ್ವಂತದ್ದು ಕೊಡಲು ಧೈರ್ಯ ಸಾಲಲಿಲ್ಲ.

3:05
ಉತ್ತರ ಟೈಪ್ ಮಾಡುತ್ತಿದ್ದರು. ಗಡಿಯಾರದಲ್ಲಿ ಸರಿಯಾಗಿ ಮೂರಾಯಿತು. ತೆಗೆದೆ.

ಮೇ 11
ದೂರಿನ ಫೋನ್ ಬಡಿದುಕೊಂಡಾಗಲೆಲ್ಲ ಎದ್ದು ಓಡುತ್ತೇನೆ. ಮುರಿದ ಕೊಂಬೆ, ಸುಟ್ಟ ಮೀಟರ್, ಬೈಗುಳ. "ಏನಯ್ಯಾ, ಹೆಣ್ಣು ನೋಡೋಕೆ ಹೊರಟೋನ ಥರ ಓಡ್ತೀಯಲ್ಲ" ಎಂದರು ಹಿರಿಯರು. ನಕ್ಕೆ.

ಮೇ 19, ಸಂಜೆ 4:10
ಏಳನೇ ಫೀಡರ್ ತೆಗೆದು ಹತ್ತು ನಿಮಿಷ. ಫೋನ್.
"ಸಬ್‌ಸ್ಟೇಷನ್," ಎಂದೆ.
ಆ ಕಡೆ ಮೆಟ್ಟಿಲು ಹತ್ತಿ ಬಂದವರ ಏದುಸಿರು. ಹೆಂಗಸು. ಆಮೇಲೆ, "ನಿಮ್ಮ ಕುದುರೆ ಇನ್ನೂ ಮೂಲೇಲೇ ಇದೆ."
ರಿಸೀವರ್ ಕಿವಿಯಲ್ಲೇ ಇದೆ, ಅವರು ಕಾಯುತ್ತಿದ್ದಾರೆ. ಏನು ಹೇಳಬೇಕೆಂದು ಇಲ್ಲಿ ಬರೆದು ನೋಡುತ್ತಿದ್ದೇನೆ — ನಮಸ್ಕಾರ, ನನ್ನ ಹೆಸರು